ದ್ವೀಪದಲ್ಲಿ ಜನವೇ ಇರಲಿಲ್ಲವಂತೆ

(ತಾಲ್ಲೂಕು ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ಹೊತ್ತು ಕಡಲಿನ ಬಗ್ಗೆ ಮಾತಾಡ್ತೇವೆ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕಿದ್ದರಲ್ಲಿ ತಪ್ಪಿಲ್ಲ. ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಜನ ಕಡಲು ಕಂಡವರಲ್ಲ. ಕೆರೆ ಕೋಡಿ ಬಿದ್ದರೆ ಹಬ್ಬ ಮಾಡುವ ಸೀಮೆ ನಮ್ಮದು. ಹಿಂದೂ ಮಹಾಸಾಗರ, ದಕ್ಷಿಣ ಚೀನಾ ಸಮುದ್ರ ಎಂಬುವೆಲ್ಲ ಪತ್ರಿಕೆಯ ಒಳಪುಟದಲ್ಲಿ ಬಂದು ಹೋಗುವ ಹೆಸರುಗಳು. ಅಮೆರಿಕದ ಹಡಗು ಬಂತು, ಚೀನಾದ ಹಡಗು ಅಡ್ಡ ಬಂತು. ದೊಡ್ಡವರ ಜಗಳ. ಇದರಲ್ಲಿ ನಮಗೇನು ಬಂತು?

ಬಿ.ಎ.ಯಲ್ಲಿ ಚರಿತ್ರೆ ಓದುವಾಗ ನಾವೂ ಹಾಗೇ ಅಂದುಕೊಂಡಿದ್ದೆವು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಅಂತ ಬಾಯಿಪಾಠ ಮಾಡಿದೆವು, ಮಾರ್ಕು ತಗೊಂಡೆವು. ಕಡಲು ಅಂದರೆ ರಾಜರದು, ಕಂಪನಿಯವರದು ಅಂತಲೇ ತಲೆಯಲ್ಲಿ ಉಳಿಯಿತು. ಆದ್ದರಿಂದ ಇವತ್ತು ಹಡಗಿನಿಂದ ಶುರು ಮಾಡೋದು ಬೇಡ. ತೆಂಗಿನಕಾಯಿಯಿಂದ ಶುರು ಮಾಡೋಣ.

ತಿಪಟೂರು ಕಡೆಯಿಂದ ಬಂದವರಿಗೆ ಕೊಬ್ಬರಿ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿ ಕೆಡವೋರು ಯಾರು, ಸುಲಿಯೋರು ಯಾರು, ಮೂಟೆ ಹೊರೋರು ಯಾರು, ಮಂಡಿಯಲ್ಲಿ ಕೂತು ರೇಟು ಹೇಳೋರು ಯಾರು ಅನ್ನೋದೆಲ್ಲ ನಮಗೆ ಗೊತ್ತು. ಈಗ ಭೂಪಟ ತೆಗೆದುಕೊಳ್ಳಿ. ಬೊಂಬಾಯಿಯಿಂದ ನೇರ ತೆಂಕಕ್ಕೆ ಒಂದು ಗೆರೆ ಎಳೆಯಿರಿ. ಲಕ್ಷದ್ವೀಪ ಆಯಿತು, ಮಾಲ್ಡೀವ್ಸ್ ಆಯಿತು, ಭೂಮಧ್ಯರೇಖೆಯೂ ಆಯಿತು. ಅದರಾಚೆ ಕಣ್ಣಿಗೆ ಸರಿಯಾಗಿ ಕಾಣದ ಚುಕ್ಕೆಗಳು. ಅವು ಚಾಗೋಸ್ ದ್ವೀಪಗಳು. ಕನ್ಯಾಕುಮಾರಿಯಿಂದ ಸುಮಾರು 1,800 ಕಿಲೋಮೀಟರು. ಐವತ್ತಕ್ಕೂ ಹೆಚ್ಚು ಹವಳದ ದ್ವೀಪಗಳಿದ್ದರೂ ಎಲ್ಲ ಸೇರಿಸಿದರೆ ನೆಲ ಸುಮಾರು 60 ಚದರ ಕಿಲೋಮೀಟರು ಮಾತ್ರ. ಅವುಗಳಲ್ಲಿ ದೊಡ್ಡದು ಡಿಯಾಗೊ ಗಾರ್ಸಿಯಾ.

ಅಲ್ಲೂ ತೆಂಗು. ಅಲ್ಲೂ ಕೊಬ್ಬರಿ, ಎಣ್ಣೆ. ಹಳೆ ಕಾಲದವರು ಅವನ್ನು ಎಣ್ಣೆ ದ್ವೀಪಗಳು ಅಂತಲೇ ಕರೆಯುತ್ತಿದ್ದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರೆಂಚರು ತೋಟ ಮಾಡಿದರು. ಮಾಡಿದರು ಅಂದರೆ ಅವರು ಗುದ್ದಲಿ ಹಿಡಿಯಲಿಲ್ಲ. ಮಡಗಾಸ್ಕರ್, ಮೊಜಾಂಬಿಕ್ ಕಡೆಯ ಕರಿಯ ಜನರನ್ನು ಗುಲಾಮರನ್ನಾಗಿ ಹಿಡಿದು ತಂದು ಹಾಕಿದರು. 1814ರಲ್ಲಿ ಮಾರಿಷಸ್ ಜೊತೆಗೆ ಈ ದ್ವೀಪಗಳೂ ಬ್ರಿಟಿಷರ ಕೈಗೆ ಬಂದವು. 1835ರಲ್ಲಿ ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಹೆಸರು ರದ್ದಾಯಿತು, ಕೆಲಸ ಅದೇ ಉಳಿಯಿತು. ಕರಾರಿನ ಕೂಲಿ ಅಂತ ಹೊಸ ಹೆಸರು ಬಂತು. ದಕ್ಷಿಣ ಭಾರತದಿಂದಲೂ ಒಂದಿಷ್ಟು ಜನ ಆ ಕೂಲಿಗೆ ಹೋದರು. ಗಂಡಸರು ಕಾಯಿ ಸುಲಿದರು, ಹೆಂಗಸರು ಒಡೆದು ಕೊಬ್ಬರಿ ಬಿಡಿಸಿದರು, ಗೂಡಿನಲ್ಲಿ ಮಟ್ಟೆ ಉರಿಸಿ ಒಣಗಿಸಿದರು. ಅಲ್ಲೇ ಹುಟ್ಟಿದರು, ಮದುವೆಯಾದರು, ಸತ್ತರು. ಅವರದೇ ಒಂದು ಮಾತು ಬೆಳೆಯಿತು, ಅವರದೇ ಹಾಡು ಬೆಳೆಯಿತು. ಮನೆ ಮುಂದೆ ಕೋಳಿ, ನಾಯಿ. ಊರಾಚೆ ತಾತ ಮುತ್ತಾತಂದಿರ ಗೋರಿ. ಅದು ಸ್ವರ್ಗವಾಗಿತ್ತು ಅಂತ ನಾವು ಹೇಳ್ತಾ ಇಲ್ಲ. ತೋಟದ ಮ್ಯಾನೇಜರ್ ಹೇಳಿದ್ದೇ ಅಲ್ಲಿ ಕಾನೂನು. ಆದರೂ ಐದಾರು ತಲೆಮಾರು ದುಡಿದ ನೆಲ ಅದು. ಅವರಿಗೆ ಬೇರೆ ಊರು ಇರಲಿಲ್ಲ.

ಈ ಜನಕ್ಕೆ ಏನಾಯಿತು ಅನ್ನೋದೇ ಇವತ್ತಿನ ಮಾತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಏಷ್ಯಾ, ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾದವು. ಅಮೆರಿಕ, ರಷ್ಯ ಇಬ್ಬರೂ ಜಗತ್ತನ್ನು ಹಂಚಿಕೊಳ್ಳಲು ಹೊರಟ ಕಾಲ. ಸ್ವತಂತ್ರವಾದ ದೇಶದಲ್ಲಿ ಸೇನಾ ನೆಲೆ ಮಾಡಿದರೆ ನಾಳೆ ಆ ಜನ ಎದ್ದು ‘ನಡೀರಿ ಆಚೆ’ ಅನ್ನಬಹುದು. ಆದ್ದರಿಂದ ಅಮೆರಿಕದ ನೌಕಾಪಡೆಯವರು ಒಂದು ಉಪಾಯ ಮಾಡಿದರು. ನಡುಗಡಲಿನಲ್ಲಿರಬೇಕು, ಜನ ಕಡಿಮೆ ಇರಬೇಕು, ಇನ್ನೂ ಯಾರೋ ಬಿಳಿಯರ ಹಿಡಿತದಲ್ಲೇ ಇರಬೇಕು, ಅಂಥ ದ್ವೀಪ ಹುಡುಕಿ ಅಂದರು. ಡಿಯಾಗೊ ಗಾರ್ಸಿಯಾ ಕಣ್ಣಿಗೆ ಬಿತ್ತು. ಒಂದು ಕಡೆ ಅರಬ್ಬರ ಎಣ್ಣೆ, ಒಂದು ಕಡೆ ಆಫ್ರಿಕಾ, ಮೇಲೆ ಭಾರತ, ಆಚೆಗೆ ಮಲಕ್ಕಾ ಜಲಸಂಧಿ. ನಡುವೆ ಹಡಗು ನಿಲ್ಲಲು ಹೇಳಿ ಮಾಡಿಸಿದಂಥ ಹಿನ್ನೀರು.

ಆಗ ಮಾರಿಷಸ್ ಸ್ವಾತಂತ್ರ್ಯ ಕೇಳ್ತಾ ಇತ್ತು. ಚಾಗೋಸ್ ಅದರ ಭಾಗ. ವಸಾಹತನ್ನು ಒಡೆದು ಸ್ವಾತಂತ್ರ್ಯ ಕೊಡಬಾರದು ಅಂತ ವಿಶ್ವಸಂಸ್ಥೆ 1960ರಲ್ಲೇ ಹೇಳಿತ್ತು. ಬ್ರಿಟಿಷರು ಕೇಳಲಿಲ್ಲ. 1965ರ ನವೆಂಬರ್ 8ರಂದು ಚಾಗೋಸನ್ನು ಮಾರಿಷಸ್‌ನಿಂದ ಕಿತ್ತು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ ಅಂತ ಹೊಸ ಹೆಸರಿಟ್ಟರು. ಮಾರಿಷಸ್‌ಗೆ 30 ಲಕ್ಷ ಪೌಂಡು ಕೊಟ್ಟರು. 1966ರ ಡಿಸೆಂಬರ್ 30ರಂದು ಆ ನೆಲವನ್ನು ಅಮೆರಿಕಕ್ಕೆ 50 ವರ್ಷದ ಮಟ್ಟಿಗೆ ಬಿಟ್ಟುಕೊಡುವ ಒಪ್ಪಂದವಾಯಿತು. ಬಾಡಿಗೆ ಇಲ್ಲ ಅಂತ ಕಾಗದದಲ್ಲಿ ಬರೆದರು. ಒಳಗೊಳಗೆ ಪೊಲಾರಿಸ್ ಕ್ಷಿಪಣಿಯ ಲೆಕ್ಕದಲ್ಲಿ ಅಮೆರಿಕ ಬ್ರಿಟನ್‌ಗೆ 140 ಲಕ್ಷ ಡಾಲರ್ ಸೋಡಿ ಬಿಟ್ಟಿತು. ಮಾರಿಷಸ್ ಸ್ವತಂತ್ರವಾದದ್ದು 1968ರ ಮಾರ್ಚ್ 12ರಂದು. ಅಷ್ಟರಲ್ಲಿ ಚಾಗೋಸ್ ಕೈತಪ್ಪಿ ಹೋಗಿತ್ತು.

ಈಗ ಜನರ ಪ್ರಶ್ನೆ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಬೇಕು. ವಿಶ್ವಸಂಸ್ಥೆಯ ಸನದಿನಲ್ಲಿ 73ನೇ ವಿಧಿ ಅಂತ ಒಂದಿದೆ. ಸ್ವಯಮಾಡಳಿತ ಇಲ್ಲದ ಪ್ರದೇಶವನ್ನು ಆಳುವವರು ಅಲ್ಲಿಯ ನಿವಾಸಿಗಳ ಹಿತವನ್ನೇ ಎಲ್ಲಕ್ಕಿಂತ ಮೊದಲು ನೋಡಬೇಕು, ವಿಶ್ವಸಂಸ್ಥೆಗೆ ವರದಿ ಕೊಡಬೇಕು ಅಂತ ಅದು ಹೇಳುತ್ತದೆ. ಜನ ಇದ್ದರೆ ವರದಿ ಕೊಡಬೇಕು, ಜನ ಇದ್ದರೆ ಅವರನ್ನು ಕೇಳಬೇಕು. ಲಂಡನ್ನಿನ ಅಧಿಕಾರಿಗಳು ಇದಕ್ಕೊಂದು ದಾರಿ ಕಂಡರು. ಜನವೇ ಇಲ್ಲ ಅಂದುಬಿಟ್ಟರಾಯಿತು! ಅಲ್ಲಿರುವವರು ಖಾಯಂ ನಿವಾಸಿಗಳಲ್ಲ, ಬಂದು ಹೋಗುವ ಕರಾರು ಕೂಲಿಗಳು ಅಂತ ಬರೆದರು. ಅಲ್ಲೇ ಹುಟ್ಟಿದ ಮುದುಕಿಯೂ ಕರಾರು ಕೂಲಿ, ಅಲ್ಲೇ ಹುಟ್ಟಿದ ಹಸುಗೂಸೂ ಕರಾರು ಕೂಲಿ.

ಇದು ನಮ್ಮ ಊಹೆಯಲ್ಲ. 1966ರಲ್ಲಿ ಬ್ರಿಟಿಷ್ ವಿದೇಶಾಂಗ ಇಲಾಖೆಯ ದೊಡ್ಡ ಅಧಿಕಾರಿಗಳು ಬರೆದುಕೊಂಡ ಟಿಪ್ಪಣಿಗಳು ಆಮೇಲೆ ಹೊರಬಿದ್ದವು. ಕಡಲಹಕ್ಕಿಗಳನ್ನು ಬಿಟ್ಟರೆ ಅಲ್ಲಿ ಮೂಲನಿವಾಸಿಗಳೇ ಇರಬಾರದು ಅಂತ ಒಬ್ಬ ಬರೆದ. ಹಕ್ಕಿಗಳ ಜೊತೆಗೆ ಎಲ್ಲಿಂದ ಬಂದರೋ ಗೊತ್ತಿಲ್ಲದ ಕೆಲವು ಟಾರ್ಜನ್‌ಗಳೂ ಫ್ರೈಡೇಗಳೂ ಇದ್ದಾರೆ ಅಂತ ಇನ್ನೊಬ್ಬ ಅದರ ಕೆಳಗೆ ಹಾಸ್ಯ ಮಾಡಿದ. ಫ್ರೈಡೇ ಯಾರು? ರಾಬಿನ್ಸನ್ ಕ್ರೂಸೊ ಕತೆಯಲ್ಲಿ ಬರುವ ಆಳು. ಶುಕ್ರವಾರ ಸಿಕ್ಕಿದ ಅಂತ ಧಣಿ ಅವನಿಗೆ ಆ ಹೆಸರಿಟ್ಟ. ಅವನ ತಾಯಿ ಅವನಿಗೆ ಏನು ಹೆಸರಿಟ್ಟಿದ್ದಳು ಅಂತ ಕತೆ ಹೇಳೋದಿಲ್ಲ. ಎಲ್ಲಿಂದ ಬಂದರೋ ಗೊತ್ತಿಲ್ಲ ಅಂದರಲ್ಲ, ಹಿಡಿದು ತಂದವರಿಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಇನ್ನೊಂದು ಸಂಗತಿ. ಅದೇ ಕಾಲದಲ್ಲಿ ಅಲ್ಡಾಬ್ರಾ ಅನ್ನುವ ಬೇರೊಂದು ದ್ವೀಪದಲ್ಲೂ ವಿಮಾನ ನೆಲೆ ಮಾಡುವ ಯೋಚನೆ ಇತ್ತು. ಅಲ್ಲಿ ದೊಡ್ಡ ಆಮೆಗಳಿದ್ದವು, ಅಪರೂಪದ ಹಕ್ಕಿಗಳಿದ್ದವು. ಬ್ರಿಟನ್, ಅಮೆರಿಕದ ವಿಜ್ಞಾನಿಗಳು ಗಲಾಟೆ ಎಬ್ಬಿಸಿದರು. ಬ್ರಿಟನ್‌ಗೆ ಹಣದ ಮುಗ್ಗಟ್ಟೂ ಬಂದಿತ್ತು. 1967ರಲ್ಲಿ ಆ ಯೋಜನೆ ನಿಂತಿತು. ಆಮೆ ಉಳಿದದ್ದು ಒಳ್ಳೆಯದೇ. ನಾವು ಆಮೆಗೆ ವಿರೋಧಿಗಳಲ್ಲ. ಆದರೆ ಆಮೆಯ ಪರ ಕಾಗದ ಬರೆಯೋರು ಇದ್ದರು, ತೆಂಗಿನ ತೋಟದ ಕೂಲಿಯ ಪರ ಬರೆಯೋರು ಇರಲಿಲ್ಲ.

ಮೊದಲು ಕಾಗದದಲ್ಲಿ ಜನರನ್ನು ಅಳಿಸಿದರು. ಆಮೇಲೆ ನೆಲದ ಮೇಲೆ ಅಳಿಸುವ ಕೆಲಸ. 1967ರಲ್ಲಿ ಬ್ರಿಟಿಷ್ ಸರಕಾರ ತೋಟಗಳನ್ನು ಕಂಪನಿಯಿಂದ ಕೊಂಡಿತು. 1968ರಿಂದ ಔಷಧಿಗೆಂದೋ ನೆಂಟರನ್ನು ನೋಡಲೆಂದೋ ಮಾರಿಷಸ್‌ಗೆ ಹೋದವರನ್ನು ವಾಪಸು ಹಡಗು ಹತ್ತಿಸಲಿಲ್ಲ. ಪೆರೋಸ್ ಬನ್ಹೋಸ್ ದ್ವೀಪದ ರೀಟಾ ಬಾಂಕೂಲ್ಟ್ ಎಂಬ ತಾಯಿ ಗಾಡಿಚಕ್ರಕ್ಕೆ ಸಿಕ್ಕಿ ಕಾಲು ಗಾಯವಾಗಿದ್ದ ಮಗಳನ್ನು ಕರಕೊಂಡು ಮಾರಿಷಸ್ ಆಸ್ಪತ್ರೆಗೆ ಬಂದಳು. ಮಗಳು ಉಳಿಯಲಿಲ್ಲ. ಊರಿಗೆ ಹೋಗೋಣ ಅಂತ ಹಡಗು ಕೇಳಿದರೆ, ನಿಮ್ಮ ದ್ವೀಪ ಮಾರಿಯಾಗಿದೆ, ಇನ್ನು ಹೋಗೋ ಹಾಗಿಲ್ಲ ಅಂದರು. ಇತ್ತ ದ್ವೀಪಗಳಿಗೆ ಅಕ್ಕಿ, ಹಾಲಿನ ಪುಡಿ, ಔಷಧಿ ಬರೋದು ಕಡಿಮೆಯಾಯಿತು. ಉಳಿದವರು ತಾವಾಗಿಯೇ ಹೋಗಲಿ ಅಂತ.

1971ರಲ್ಲಿ ಅಮೆರಿಕದ ಸೈನಿಕರು ಡಿಯಾಗೊ ಗಾರ್ಸಿಯಾದಲ್ಲಿ ಇಳಿದು ಕಟ್ಟಡ ಶುರು ಮಾಡಿದರು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಊರು ಖಾಲಿ. ಹೊರಡುವ ಮುಂಚೆ ಜನರ ಕಣ್ಣೆದುರಿಗೇ ಅವರ ನಾಯಿಗಳನ್ನು ಕೊಂದರು. ಸಾವಿರದ ಹತ್ತಿರ ಹತ್ತಿರ ನಾಯಿಗಳು. ಗುಂಡು ಹಾಕಿ ನೋಡಿದರು, ವಿಷ ಹಾಕಿ ನೋಡಿದರು. ಕೊನೆಗೆ ಕೊಬ್ಬರಿ ಒಣಗಿಸುವ ಗೂಡಿಗೆ ಕೂಡಿಹಾಕಿ, ಸೇನೆಯ ವಾಹನಗಳ ಹೊಗೆ ಬಿಟ್ಟು ಸಾಯಿಸಿದರು. ಕೊಬ್ಬರಿ ಗೂಡು ಗೆಳೆಯರೆ, ನೂರೈವತ್ತು ವರ್ಷ ಆ ಜನ ಬೆವರು ಸುರಿಸಿದ ಗೂಡು. ಆಮೇಲೆ ಜನರನ್ನು ನೋರ್ಡ್‌ವೇರ್ ಅನ್ನುವ ಸಣ್ಣ ಸರಕು ಹಡಗಿಗೆ ತುಂಬಿದರು. ತೋಟದ ಕುದುರೆಗಳಿಗೆ ಮೇಲೆ ಒಳ್ಳೆ ಜಾಗ, ಹೆಂಗಸರು ಮಕ್ಕಳಿಗೆ ಹಕ್ಕಿ ಗೊಬ್ಬರದ ಮೂಟೆಗಳ ಮೇಲೆ ಜಾಗ ಅಂತ ಆ ಹಡಗಿನಲ್ಲಿ ಬಂದವರು ಹೇಳಿದ್ದಾರೆ. 1972ರಲ್ಲಿ ಸಾಲೊಮನ್ ದ್ವೀಪಗಳು, 1973ರಲ್ಲಿ ಪೆರೋಸ್ ಬನ್ಹೋಸ್ ಖಾಲಿಯಾದವು. ಒಟ್ಟು ಒಂದೂವರೆಯಿಂದ ಎರಡು ಸಾವಿರ ಜನ. ಈಗ ಬರೆದಿದ್ದು ನಿಜವಾಯಿತು. ದ್ವೀಪದಲ್ಲಿ ಜನ ಇರಲಿಲ್ಲ.

ಅದೇ 1971ರ ಡಿಸೆಂಬರ್ 16ನೇ ತಾರೀಕು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿ ಬಾಂಗ್ಲಾ ಯುದ್ಧ ಮುಗಿದದ್ದು ನಿಮಗೆ ಗೊತ್ತು. ನಮ್ಮನ್ನು ಹೆದರಿಸಲು ಅಮೆರಿಕ ತನ್ನ ಏಳನೇ ನೌಕಾಬಲದ ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತ್ತು. ರಷ್ಯದ ಹಡಗುಗಳು ಅದರ ಬೆನ್ನು ಹತ್ತಿದ್ದವು. ಅದೇ ದಿನ, ಅದೇ ಡಿಸೆಂಬರ್ 16ರಂದು, ವಿಶ್ವಸಂಸ್ಥೆಯಲ್ಲಿ ಹಿಂದೂ ಮಹಾಸಾಗರ ಶಾಂತಿ ವಲಯ ಅಂತ ಗೊತ್ತುವಳಿಯಾಯಿತು. ಮುಂದೆ ಇಟ್ಟವರು ಶ್ರೀಲಂಕಾದವರು. ಗೊತ್ತುವಳಿ ಕಾಗದದಲ್ಲಿ ಉಳಿಯಿತು. ಡಿಯಾಗೊ ಗಾರ್ಸಿಯಾದ ಓಡುದಾರಿ ಉದ್ದವಾಗುತ್ತ ಹೋಯಿತು. 1991ರಲ್ಲಿ ಇರಾಕಿನ ಮೇಲೆ, 2001ರಲ್ಲಿ ಅಫ್ಘಾನಿಸ್ತಾನದ ಮೇಲೆ, 2003ರಲ್ಲಿ ಮತ್ತೆ ಇರಾಕಿನ ಮೇಲೆ ಬಾಂಬು ಹಾಕಿದ ವಿಮಾನಗಳು ಅಲ್ಲಿಂದ ಎದ್ದವು. ಭದ್ರತೆಯ ದೃಷ್ಟಿಯಿಂದ ಹಳೆಯ ಜನರನ್ನು ಸೇರಿಸುವಂತಿಲ್ಲ ಅಂದರು. ಆದರೆ ಅಡಿಗೆ ಮಾಡಲು, ಬಟ್ಟೆ ಒಗೆಯಲು, ಗಾರೆ ಕೆಲಸಕ್ಕೆ ಫಿಲಿಪ್ಪೀನ್ಸ್‌ನಿಂದ ಕೂಲಿಗಳನ್ನು ತಂದರು. ಕರಾರು ಕೂಲಿಗಳನ್ನು!

ಹೊರಹಾಕಿದ ಜನ ಪೋರ್ಟ್ ಲೂಯಿಯ ಕೊಳೆಗೇರಿಗಳಲ್ಲಿ, ಸೇಶೆಲ್ಸ್‌ನಲ್ಲಿ ಬಿದ್ದರು. ತೆಂಗಿನ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ, ಮಾರಿಷಸ್‌ನಲ್ಲಿ ಇದ್ದದ್ದು ಕಬ್ಬು. ಮಕ್ಕಳು ಸತ್ತರು, ಮುದುಕರು ಸತ್ತರು. ಅವರ ಮಾತಿನಲ್ಲಿ ಸಾಗ್ರೆನ್ ಅಂತ ಒಂದು ಪದ ಇದೆ. ಊರು ಹೋದ ಸಂಕಟ ಎದೆಗೆ ಹತ್ತಿ ಮನುಷ್ಯ ಕರಗಿ ಹೋಗೋದು. ಯಾವ ಕಾಯಿಲೆಯಿಂದ ಸತ್ತರು ಅಂತ ಕೇಳಿದರೆ ಸಾಗ್ರೆನ್‌ನಿಂದ ಅನ್ನುತ್ತಿದ್ದರು.

ಆದರೆ ಆ ಜನ ಅಳುತ್ತ ಕೂರಲಿಲ್ಲ. ಮೊದಲು ಬೀದಿಗೆ ಬಂದವರು ಹೆಂಗಸರು. ಲಿಸೆಟ್ ತಲಾತ್, ಶಾರ್ಲೆಸಿಯಾ ಅಲೆಕ್ಸಿ ಮುಂತಾದವರು ಉಪವಾಸ ಕೂತರು, ಬ್ರಿಟಿಷ್ ಕಚೇರಿ ಮುಂದೆ ಕೂತು ಪೊಲೀಸರ ಏಟು ತಿಂದರು, ಜೈಲಿಗೆ ಹೋದರು. 1975ರಲ್ಲಿ ಒಬ್ಬ ಚಾಗೋಸಿನವ ಲಂಡನ್ನಿನಲ್ಲಿ ಬ್ರಿಟಿಷ್ ಸರಕಾರದ ಮೇಲೆಯೇ ದಾವೆ ಹೂಡಿದ. ಅವನ ಹೆಸರು ಮಿಶೆಲ್ ವೆಂಕಟಸೆನ್. ಆ ಹೆಸರನ್ನು ಇನ್ನೊಂದು ಸಲ ಹೇಳಿಕೊಳ್ಳಿ. ಕಡಲು ದಾಟಿ ಹೋದ ಯಾವುದೋ ವೆಂಕಟೇಶನ ಗುರುತು ಅದರಲ್ಲಿ ಕೇಳಿಸೋದಿಲ್ಲವೆ?

1982ರಲ್ಲಿ ರಾಜಿಯಾಯಿತು. ಬ್ರಿಟನ್ 40 ಲಕ್ಷ ಪೌಂಡು ಕೊಟ್ಟಿತು. ಹಣ ತಗೊಳ್ಳುವಾಗ ಒಂದು ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಫಾರಂ ಇಂಗ್ಲಿಷಿನಲ್ಲಿತ್ತು. ಊರಿಗೆ ಮರಳುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಅದರಲ್ಲಿ ಬರೆದಿತ್ತು ಅನ್ನೋದು ನಮಗೆ ಗೊತ್ತೇ ಇರಲಿಲ್ಲ ಅಂತ ಆ ಹೆಂಗಸರು ಆಮೇಲೆ ಹೇಳಿದರು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ನೆಲ ಕಳಕೊಂಡವರ ಕತೆ ನಮ್ಮ ಕೇರಿಗಳಲ್ಲಿ ಎಷ್ಟಿಲ್ಲ? ಆ ಇಂಗ್ಲಿಷು ಫಾರಮ್ಮನ್ನು ನಾವು ವಿವರಿಸಬೇಕಾಗಿಲ್ಲ.

1983ರಲ್ಲಿ ಅವರು ತಮ್ಮದೇ ಸಂಘ ಕಟ್ಟಿದರು. ಅದರ ಮುಂದಾಳು ಒಲಿವಿಯೆ ಬಾಂಕೂಲ್ಟ್ ವಿದ್ಯುತ್ ಕೆಲಸ ಮಾಡುವವ, ಆಸ್ಪತ್ರೆಗೆ ಬಂದು ಊರಿಗೆ ಮರಳಲಾಗದ ಆ ರೀಟಾಳ ಮಗ. 2000ದಲ್ಲಿ ಲಂಡನ್ನಿನ ಹೈಕೋರ್ಟು ಹೊರಹಾಕಿದ್ದು ಕಾನೂನಿಗೆ ವಿರುದ್ಧ ಅಂದಿತು. ಗೆದ್ದೆವು ಅಂತ ಕುಣಿದರು. 2004ರಲ್ಲಿ ಸರಕಾರ ಪಾರ್ಲಿಮೆಂಟಿನಲ್ಲೂ ಇಡದೆ ರಾಣಿಯ ಹೆಸರಿನಲ್ಲಿ ಆಜ್ಞೆ ಹೊರಡಿಸಿ ಮತ್ತೆ ಬಾಗಿಲು ಹಾಕಿತು. 2008ರಲ್ಲಿ ಕೊನೆಯ ಮೇಲ್ಮನವಿಯಲ್ಲಿ ಐದು ನ್ಯಾಯಾಧೀಶರಲ್ಲಿ ಮೂವರು ಸರಕಾರದ ಕಡೆ ನಿಂತರು. 2006ರಲ್ಲಿ ಸುಮಾರು ನೂರು ಜನರನ್ನು ಮಾತ್ರ ಹಡಗಿನಲ್ಲಿ ಕರಕೊಂಡು ಹೋಗಿ ತೋರಿಸಿ ವಾಪಸು ತಂದಿದ್ದರು. ಹೋದವರು ಮಾಡಿದ ಕೆಲಸ ಗೋರಿಗಳ ಮೇಲಿನ ಗಿಡಗಂಟಿ ಕಿತ್ತದ್ದು.

2010ರಲ್ಲಿ ಬ್ರಿಟನ್ ಚಾಗೋಸ್ ಸುತ್ತಲಿನ ಕಡಲನ್ನು ಜಲಚರಗಳ ಅಭಯಧಾಮ ಅಂತ ಸಾರಿತು. ಮೀನು ಹಿಡಿಯುವ ಹಾಗಿಲ್ಲ. ಮೀನು ಹಿಡಿಯದೆ ಆ ದ್ವೀಪದಲ್ಲಿ ಯಾರು ಬದುಕಲಾದೀತು? ಅಭಯಧಾಮ ಮಾಡಿದರೆ ಹಳೆಯ ನಿವಾಸಿಗಳು ಮರಳೋದು ಕಷ್ಟವಾಗುತ್ತದೆ ಅಂತ ಬ್ರಿಟಿಷ್ ಅಧಿಕಾರಿಯೊಬ್ಬರು ಅಮೆರಿಕದವರಿಗೆ 2009ರಲ್ಲಿ ಹೇಳಿದ್ದು ಅಮೆರಿಕದ್ದೇ ಗುಪ್ತ ಕಾಗದ ಹೊರಬಿದ್ದಾಗ ತಿಳಿಯಿತು. ಮೊದಲು ಹಕ್ಕಿ, ಆಮೇಲೆ ಆಮೆ, ಈಗ ಮೀನು. ಮನುಷ್ಯನ ಸರದಿ ಬರಲೇ ಇಲ್ಲ. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿಯೊಂದು ಈ ಅಭಯಧಾಮ ಕಾನೂನಿಗೆ ಅನುಗುಣವಾಗಿಲ್ಲ ಅಂತ ತೀರ್ಪು ಕೊಟ್ಟಿತು.

ಇಷ್ಟು ಸಣ್ಣ ನೆಲಕ್ಕೆ ಇಷ್ಟು ಹೊಡೆದಾಟ ಯಾಕೆ? ಸೇನೆಯದು ಒಂದು ಕಾರಣ. ಇನ್ನೊಂದು ಲೆಕ್ಕ ಇದೆ. 1982ರ ಸಮುದ್ರ ಕಾನೂನಿನ ಪ್ರಕಾರ ದ್ವೀಪ ಯಾರದೋ ಅದರ ಸುತ್ತ 12 ಮೈಲಿ ಅವರ ಪ್ರದೇಶ. 200 ಮೈಲಿಯವರೆಗಿನ ಮೀನು, ತಳದ ಎಣ್ಣೆ, ಖನಿಜ ಎಲ್ಲ ಅವರಿಗೆ. ಇವು ನೆಲದ ಮೈಲಿಗಿಂತ ಉದ್ದನೆಯ ಕಡಲ ಮೈಲಿಗಳು. 60 ಚದರ ಕಿಲೋಮೀಟರಿನ ಚಾಗೋಸ್ ಕೈಲಿದ್ದರೆ ಸುಮಾರು 6,40,000 ಚದರ ಕಿಲೋಮೀಟರು ಕಡಲು ಕೈಲಿದ್ದ ಹಾಗೆ. ನಮ್ಮ ಇಡೀ ಕರ್ನಾಟಕದ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಅದೇ ಕಾನೂನಿನಲ್ಲಿ ಒಂದು ಮಾತಿದೆ. ಮನುಷ್ಯರು ಬದುಕಲಾಗದ, ತನ್ನದೇ ಆದ ಆರ್ಥಿಕ ಜೀವನವೂ ಸಾಧ್ಯವಿಲ್ಲದ ಬರಿಯ ಬಂಡೆಗೆ 200 ಮೈಲಿಯ ಹಕ್ಕಿಲ್ಲ. ನೋಡಿ, ನೀರಿಗೆ ಬೆಲೆ ಬರೋದು ಮನುಷ್ಯರ ಬದುಕಿನಿಂದ. ಆ ಬೆಲೆ ಬೇಕು, ಆ ಮನುಷ್ಯರು ಮಾತ್ರ ಬೇಡ.

ಈಗ ಪತ್ರಿಕೆಯಲ್ಲಿ ಬರುವ ದಕ್ಷಿಣ ಚೀನಾ ಸಮುದ್ರದ ಸುದ್ದಿಯನ್ನು ಈ ಕಣ್ಣಿನಿಂದ ಓದಿ. ಅಲ್ಲಿ ದಬ್ಬಾಳಿಕೆ ಚೀನಾದ್ದು. 2013ರಿಂದ ಈಚೆಗೆ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ದ್ವೀಪ ಮಾಡಿ, ಓಡುದಾರಿ ಹಾಕಿ, ಸೈನಿಕರನ್ನು ಕೂರಿಸಿತು. ಫಿಲಿಪ್ಪೀನ್ಸ್ ದೂರು ಕೊಟ್ಟಿತು. 2016ರ ಜುಲೈ 12ರಂದು ಹೇಗ್‌ನ ಪಂಚಾಯಿತಿ ತೀರ್ಪು ಕೊಟ್ಟಿತು. ಚೀನಾ ನಕ್ಷೆಯಲ್ಲಿ ಎಳೆದುಕೊಂಡ ಗೆರೆಯೊಳಗಿನ ಹಕ್ಕಿಗೆ ಕಾನೂನಿನ ಆಧಾರ ಇಲ್ಲ, ಹೊರಗಿನಿಂದ ಅನ್ನ ನೀರು ತಂದುಕೊಟ್ಟು ಸೈನಿಕರನ್ನು ಕೂರಿಸಿದ ಮಾತ್ರಕ್ಕೆ ಅದು ಜನ ಬದುಕುವ ದ್ವೀಪ ಆಗೋದಿಲ್ಲ, ಸ್ಕಾರ್ಬರೊ ದಿಬ್ಬದಲ್ಲಿ ತಲೆತಲಾಂತರದಿಂದ ಮೀನು ಹಿಡಿದ ಫಿಲಿಪ್ಪೀನ್ಸ್ ಬೆಸ್ತರನ್ನು ತಡೆದದ್ದು ತಪ್ಪು ಅಂದಿತು. ಚೀನಾ ಈ ತೀರ್ಪನ್ನು ಕಸದ ಬುಟ್ಟಿಗೆ ಹಾಕಿತು. ಕಾನೂನು ಪಾಲಿಸಿ ಅಂತ ಅಮೆರಿಕ ಚೀನಾಕ್ಕೆ ಬುದ್ಧಿ ಹೇಳಿತು. ಆದರೆ ಆ ಸಮುದ್ರ ಕಾನೂನಿಗೆ ಅಮೆರಿಕದ ಸೆನೆಟ್ ಇವತ್ತಿಗೂ ಒಪ್ಪಿಗೆ ಕೊಟ್ಟಿಲ್ಲ. ಒಬ್ಬರು ಜನರನ್ನು ಎತ್ತಿ ಹಾಕಿ ದ್ವೀಪ ಖಾಲಿ ಮಾಡಿದರು, ಇನ್ನೊಬ್ಬರು ದ್ವೀಪವನ್ನೇ ಹುಟ್ಟಿಸಿ ಸೈನಿಕರನ್ನು ತುಂಬಿದರು. ನಡುವೆ ಬಲೆ ಹಿಡಿದು ನಿಂತವನು ಎರಡು ಕಡೆಗೂ ಲೆಕ್ಕಕ್ಕಿಲ್ಲ.

ಮತ್ತೆ ಚಾಗೋಸಿಗೆ ಬರೋಣ. 2018ರ ಸೆಪ್ಟೆಂಬರಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಒಬ್ಬ ಹೆಣ್ಣುಮಗಳ ಸಾಕ್ಷಿಯನ್ನು ಪರದೆಯ ಮೇಲೆ ತೋರಿಸಿದರು. ಲಿಸೆಬಿ ಎಲಿಸೆ ಅಂತ ಹೆಸರು. ಅವಳಿಗೆ ಓದು ಬರಹ ಬಾರದು. ಆದ್ದರಿಂದ ಬರೆದದ್ದನ್ನು ಓದಿ ಹೇಳುವ ಬದಲು ತನ್ನ ಮಾತಿನಲ್ಲೇ ಹೇಳಿದ್ದನ್ನು ಚಿತ್ರೀಕರಿಸಿದ್ದರು. 1973ರಲ್ಲಿ ಹಡಗು ಹತ್ತಿಸಿದಾಗ ಅವಳಿಗೆ 20 ವರ್ಷ, ನಾಲ್ಕು ತಿಂಗಳ ಬಸುರಿ. ಪ್ರಾಣಿಗಳ ಹಾಗೆ ತುಂಬಿದರು ಅಂದಳು. ಮಾರಿಷಸ್‌ಗೆ ಬಂದ ಮೇಲೆ ಹುಟ್ಟಿದ ಮಗು ಉಳಿಯಲಿಲ್ಲ. ಎದುರಿಗೆ ಜಗತ್ತಿನ ದೊಡ್ಡ ದೊಡ್ಡ ನ್ಯಾಯಾಧೀಶರು, ಕೋಟು ಹಾಕಿದ ವಕೀಲರು ಕೂತು ಕೇಳಿದರು. ಹೆಬ್ಬೆಟ್ಟಿನವರು ಮಾತಾಡಿದಾಗ ಆಗೋದು ಇದು. 2019ರ ಫೆಬ್ರವರಿ 25ರಂದು, ಚಾಗೋಸನ್ನು ಕಿತ್ತುಕೊಂಡದ್ದು ಕಾನೂನುಬಾಹಿರ, ಬ್ರಿಟನ್ ಆದಷ್ಟು ಬೇಗ ಆಡಳಿತ ಬಿಡಬೇಕು ಅಂತ ನ್ಯಾಯಾಲಯ 13-1ರಲ್ಲಿ ಅಭಿಪ್ರಾಯ ಕೊಟ್ಟಿತು. ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ 116 ದೇಶಗಳು ಆರು ತಿಂಗಳೊಳಗೆ ಬಿಡಿ ಅಂದವು. ವಿರುದ್ಧ ಬಂದದ್ದು ಆರೇ ವೋಟು. ಆರು ತಿಂಗಳು ಕಳೆಯಿತು. ಬ್ರಿಟನ್ ಅಲುಗಲಿಲ್ಲ.

ಕೊನೆಗೆ 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಒಡೆತನ ಮಾರಿಷಸ್‌ಗೆ. ಆದರೆ ಡಿಯಾಗೊ ಗಾರ್ಸಿಯಾ 99 ವರ್ಷ ಬ್ರಿಟನ್ ಕೈಯಲ್ಲಿ, ಅಂದರೆ ಅಮೆರಿಕದ ನೆಲೆ ಇದ್ದ ಹಾಗೇ. ಬಾಡಿಗೆ ವರ್ಷಕ್ಕೆ ಸರಾಸರಿ 10 ಕೋಟಿ ಪೌಂಡಿನ ಮೇಲೆ, ಅದು ಮಾರಿಷಸ್ ಸರಕಾರಕ್ಕೆ. ಚಾಗೋಸ್ ಜನರ ಹೆಸರಿನಲ್ಲಿ 4 ಕೋಟಿ ಪೌಂಡಿನ ನಿಧಿ. ಬೇರೆ ದ್ವೀಪಗಳಲ್ಲಿ ಅವರನ್ನು ನೆಲೆಗೊಳಿಸಬಹುದು, ಡಿಯಾಗೊ ಗಾರ್ಸಿಯಾದಲ್ಲಿ ಇಲ್ಲ. ಆ ಜನರಲ್ಲೂ ಎರಡು ಮಾತಿದೆ. ಇಷ್ಟಾದರೂ ಬಂತಲ್ಲ ಅಂತ ಒಲಿವಿಯೆ ಬಾಂಕೂಲ್ಟ್ ಥರದವರು ಸ್ವಾಗತಿಸಿದರು. ಡಿಯಾಗೊ ಗಾರ್ಸಿಯಾದಲ್ಲೇ ಹುಟ್ಟಿದ ಇಬ್ಬರು ಹೆಂಗಸರು, ಮಾತುಕತೆಯ ಮೇಜಿನಲ್ಲಿ ನಮ್ಮನ್ನು ಕೂರಿಸಲೇ ಇಲ್ಲ ಅಂತ ಲಂಡನ್ನಿನ ಕೋರ್ಟಿಗೆ ಹೋದರು. ಯಾರು ಸರಿ ಅಂತ ತೀರ್ಪು ಕೊಡಲು ನಾವು ಯಾರು? ಒಂದು ಮಾತ್ರ ನಿಜ. 1965ರಲ್ಲಿ ಇಬ್ಬರು ಸರಕಾರದವರು ಕೂತು ಮಾತಾಡಿದರು, 2025ರಲ್ಲೂ ಇಬ್ಬರು ಸರಕಾರದವರೇ ಕೂತು ಮಾತಾಡಿದರು. ಲಿಸೆಟ್ ತಲಾತ್ ಇದನ್ನೂ ನೋಡಲಿಲ್ಲ. 2012ರಲ್ಲೇ ತೀರಿಹೋದರು.

ಬ್ರಿಟಿಷರನ್ನು, ಅಮೆರಿಕದವರನ್ನು, ಚೀನಾದವರನ್ನು ಬಯ್ದು ಮನೆಗೆ ಹೋಗೋದು ಸುಲಭ. ಅಷ್ಟಕ್ಕೇ ಆದರೆ ಈ ಶಿಬಿರ ಬೇಡ. ನಮ್ಮ ಸರಕಾರ ಮಾರಿಷಸ್ ಪರ ವೋಟು ಹಾಕಿತು, ಸರಿ. ಅದೇ ಮಾರಿಷಸ್‌ಗೆ ಸೇರಿದ ಅಗಲೇಗ ಅಂತ ಎರಡು ಸಣ್ಣ ದ್ವೀಪಗಳಿವೆ. ಅಲ್ಲೂ ತೆಂಗು. ಅಲ್ಲೂ ಗುಲಾಮರ ಮೊಮ್ಮಕ್ಕಳು, ಸುಮಾರು ಮುನ್ನೂರು ಜನ. ಹಿಂದೆ ಚಾಗೋಸಿನ ತೋಟಗಳನ್ನು ನಡೆಸಿದ ಕಂಪನಿಯೇ ಅಲ್ಲೂ ತೋಟ ನಡೆಸಿತ್ತು. 2015ರಲ್ಲಿ ಭಾರತ ಒಪ್ಪಂದ ಮಾಡಿಕೊಂಡು ಅಲ್ಲಿ ಮೂರು ಕಿಲೋಮೀಟರಿನ ಓಡುದಾರಿ, ಹಡಗುಕಟ್ಟೆ ಕಟ್ಟಿಸಿತು. 2024ರ ಫೆಬ್ರವರಿ 29ರಂದು ಉದ್ಘಾಟನೆಯಾಯಿತು. ಇದು ಸೇನಾ ನೆಲೆಯಲ್ಲ, ಅಲ್ಲಿಯ ಜನರ ಅನುಕೂಲಕ್ಕೆ ಅಂತ ಮಾರಿಷಸ್ ಸರಕಾರ ಹೇಳಿತು. ಹಿಂದೂ ಮಹಾಸಾಗರಕ್ಕೆ ಬರುವ ಚೀನಾದ ಹಡಗುಗಳ ಮೇಲೆ ಕಣ್ಣಿಡೋದಕ್ಕೆ ಅಂತ ತಿಳಿದವರು ಬರೆದರು. ಓಡುದಾರಿಯಿಂದ ಕಾಯಿಲೆಯವರಿಗೆ ಅನುಕೂಲವಾದರೆ ಸಂತೋಷವೇ. ಆದರೆ ನಾವೂ ಚಾಗೋಸಿನವರ ಹಾಗೆ ಆಗಿಬಿಡ್ತೇವೇನೋ ಅಂತ ಅಗಲೇಗದ ಜನ ಹೆದರಿದ್ದಾರೆ. ತಾವು ಇರುವ ಮನೆಯ ನೆಲ ಅವರ ಹೆಸರಿನಲ್ಲಿಲ್ಲ. ಅವರು ಹೆದರುತ್ತಿರೋದು ನಮ್ಮ ಬಾವುಟ ಇರುವ ಹಡಗಿಗೆ ಗೆಳೆಯರೆ. ಅದಕ್ಕೆ ಉತ್ತರ ಕೊಡಬೇಕಾದವರಲ್ಲಿ ನಾವೂ ಇದ್ದೇವೆ.

ಅಷ್ಟು ದೂರ ಬೇಡ, ನಮ್ಮ ಕಾರವಾರಕ್ಕೇ ಬನ್ನಿ. 1986ರಲ್ಲಿ ಅಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲ ತಾಲ್ಲೂಕುಗಳ ಹಳ್ಳಿಗಳಿಂದ ನಾಲ್ಕು ಸಾವಿರದಷ್ಟು ಕುಟುಂಬಗಳು ಎದ್ದು ಹೋದವು. ಬೆಸ್ತರು, ಗೇಣಿದಾರರು, ಸಣ್ಣ ಹಿಡುವಳಿಯವರು. ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಚಾಗೋಸಿನದೂ ಇದೂ ಒಂದೇ ಅಂತ ನಾವು ಹೇಳೋದಿಲ್ಲ. ಇವರು ಇಲ್ಲ ಅಂತ ಯಾರೂ ಬರೆಯಲಿಲ್ಲ. ಇವರಿಗೆ ವೋಟಿತ್ತು, ಪಹಣಿಯಿತ್ತು, ಕೋರ್ಟಿತ್ತು. ಅದಕ್ಕೇ ತಡವಾಗಿಯಾದರೂ ಹೋರಾಡಿ ಪಡೆಯಲು ಆಯಿತು. ವ್ಯತ್ಯಾಸ ಇರೋದು ಅಲ್ಲೇ. ಲೆಕ್ಕದಲ್ಲಿ ಇದ್ದವನು ಕಾಸಿಗಾದರೂ ಜಗಳ ಆಡಬಹುದು. ಲೆಕ್ಕದಿಂದಲೇ ತೆಗೆದವನು ತಾನು ಇದ್ದೆ ಅಂತ ಸಾಬೀತು ಮಾಡೋದಕ್ಕೇ ಐವತ್ತು ವರ್ಷ ಕಳೀಬೇಕು.

ದೇಶಕ್ಕೆ ಕಾವಲು ಬೇಡ ಅಂತ ನಾವು ಹೇಳ್ತಾ ಇಲ್ಲ. ಕಾವಲು ಯಾರಿಗಾಗಿ ಅನ್ನೋದನ್ನು ಕೇಳ್ತಾ ಇದ್ದೇವೆ. ಇನ್ನು ಮುಂದೆ ಪತ್ರಿಕೆಯಲ್ಲಿ ಯಾವುದಾದರೂ ದ್ವೀಪದ ಜಗಳ ಓದಿದರೆ, ಅದು ಅವರದೋ ಇವರದೋ ಅಂತ ಕ್ರಿಕೆಟ್ ಮ್ಯಾಚಿನ ಹಾಗೆ ಪಕ್ಷ ಹಿಡಿಯಬೇಡಿ. ಅಲ್ಲಿ ಯಾರು ಬದುಕಿದ್ದರು, ಯಾರು ಬಲೆ ಬೀಸುತ್ತಿದ್ದರು, ಅವರನ್ನು ಯಾರಾದರೂ ಒಂದು ಮಾತು ಕೇಳಿದರೆ, ಕೇಳಿ. ಅಲ್ಲಿ ಜನವೇ ಇಲ್ಲ ಅಂತ ಯಾರಾದರೂ ಬರೆದಿದ್ದರೆ, ಹಾಗೆ ಬರೆದವರು ಯಾರು ಅಂತ ಇನ್ನೂ ಗಟ್ಟಿಯಾಗಿ ಕೇಳಿ.

ಶುರುವಿನಲ್ಲಿ ನಕ್ಕ ಗೆಳೆಯರಿಗೆ ಕೊನೆಯ ಮಾತು. ನಾವು ಕಡಲು ಕಂಡವರಲ್ಲ ನಿಜ. ಆದರೆ ಕೊಬ್ಬರಿ ತಾನಾಗಿಯೇ ಒಣಗೋದಿಲ್ಲ ಅಂತ ನಮಗೆ ಗೊತ್ತು. ಡಿಯಾಗೊ ಗಾರ್ಸಿಯಾದಲ್ಲಿ ಕೊಬ್ಬರಿ ಗೂಡು ಇತ್ತು. ಗೂಡು ಇದ್ದ ಮೇಲೆ ಮಟ್ಟೆ ಉರಿಸಿದವರು ಇದ್ದರು. ದ್ವೀಪದಲ್ಲಿ ಜನ ಇದ್ದರು.